ಉತ್ತರವ್ವನ ದನಿ

ಎರೆಹಾಳ,
ಚಿತ್ತಿ ಮಳೆಯ ಮೂರನೆಯ ಪಾದ,
ಸನ್ ಎರಡು ಸಾವಿರದ ಇನ್ನೂರ ಹನ್ನೊಂದು.

ಫಕೀರವ್ವಜ್ಜಿಗೆ ನಿಂಬೆವ್ವ ಮಾಡುವ ಶರಣು.

ಮೇಲಿನ ಇಸವಿ ನೋಡಿ, ಯಾರೋ ಮಸ್ಕಿರಿ ಮಾಡಿದ್ದಾರೆ ಎಂದುಕೊಂಡು ಈ ಹಾಳೆಯನ್ನು ಒಲೆಗೆ ಹಾಕಬೇಡ. ಇಸವಿ ಸರಿಯಾಗಿಯೇ ಇದೆ. ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಇದನ್ನು ಓದುವ ಹೊತ್ತಿಗೆ ನಿನಗೆ ಮೂವತ್ತು ದಾಟಿರಬಹುದು. ಬರೆಯುತ್ತಿರುವ ನನಗೆ ನಲವತ್ತು ದಾಟಿದೆ. ಅಜ್ಜಿ ಅನ್ನಲೋ ತಂಗಿ ಅನ್ನಲೋ ಎಂದು ಬಹಳ ಹೊತ್ತು ತಿಣುಕಾಡಿದೆ. ಮೊದಲು ಹುಟ್ಟಿದವಳೇ ಹಿರಿಯಳು ಎಂದು ತೀರ್ಮಾನಿಸಿ ಅಜ್ಜಿ ಎಂದೇ ಕರೆದಿದ್ದೇನೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿ ಉಳಿದಿದ್ದ ಹಳೆಯ ಬೀಜದ ಪಾಕೀಟುಗಳ ಬೆನ್ನಿನಿಂದ. ಅದರಲ್ಲಿದ್ದ ವ್ಯಾಕರಣವೇ ನನ್ನ ವ್ಯಾಕರಣ. ನಡುವೆ ಎಲ್ಲಾದರೂ ನಾನು ನಿನಗೆ ತಂಪಾದ ಒಣ ಜಾಗದಲ್ಲಿ ಇರು, ಮಕ್ಕಳ ಕೈಗೆ ಸಿಗಬೇಡ ಎಂದು ಹೇಳಿಬಿಟ್ಟರೆ ಸಿಟ್ಟಾಗಬೇಡ.

ಈ ಕಾಗದ ನಿನಗೆ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ನಿನ್ನ ಕೈಯಲ್ಲಿರುವ ಫೋನಿನೊಳಗೆ ದನಿ ಹೇಗೆ ಬರುತ್ತದೆ ಎಂದು ನಿನಗಾದರೂ ಎಲ್ಲಿ ಗೊತ್ತು? ಹಿಂದಿನ ಕಾಲದ ಯಾರದಾದರೂ ದನಿ ಇಲ್ಲಿ ಉಳಿದಿದ್ದರೆ, ಆ ದನಿಯ ಎಳೆ ಹಿಡಿದು ಅವರಿಗೊಂದು ಹಾಳೆ ಕಳಿಸಬಹುದು ಎಂಬುದಷ್ಟೇ ನನಗೆ ತಿಳಿದಿರುವುದು. ನಿನ್ನ ದನಿ ಇಲ್ಲಿ ಉಳಿದಿದೆ. ಎಲ್ಲಿ, ಯಾರ ಹತ್ತಿರ ಎಂಬುದನ್ನು ಮುಂದೆ ಹೇಳುತ್ತೇನೆ. ನಿನ್ನ ಉಳ್ಳಾಗಡ್ಡಿ ಬೀಜದ ಪಾಕೀಟಿನೊಳಗೆ ಮಡಚಿಟ್ಟ ಸೂಚನೆಯ ಚೀಟಿ ಇರುತ್ತದಲ್ಲ, ಅದರ ಜಾಗದಲ್ಲಿ ಈ ಹಾಳೆ ಸಿಗುತ್ತದೆ. ಆ ಚೀಟಿಯನ್ನು ಯಾರೂ ಓದುವುದಿಲ್ಲ. ನನ್ನ ಮೊದಲ ಹೆದರಿಕೆ ಅದೇ.

ಮೊದಲು ನಾವು ಹೇಗಿದ್ದೇವೆ ಎಂದು ಹೇಳಬೇಕು. ಊರು ಇದ್ದಲ್ಲೇ ಇದೆ. ಕಪ್ಪತಗುಡ್ಡವೂ ಇದ್ದಲ್ಲೇ ಇದೆ. ಅದರ ಮೇಲಿನ ಗಾಳಿಯಂತ್ರಗಳು ನಿಂತು ಎಷ್ಟೋ ಕಾಲವಾಯಿತು, ಈಗ ಅವುಗಳ ಬುಡದ ನೆರಳಿನಲ್ಲಿ ಕುರಿ ಮಲಗುತ್ತವೆ. ನಮ್ಮ ಹಗಲು ನಿಮ್ಮ ಹಗಲಿನಂತಲ್ಲ. ಬಿಸಿಲು ಏರಿದ ಮೇಲೆ ಮನೆಯ ಮೇಲಂತಸ್ತಿನಲ್ಲಿ ಯಾರೂ ಇರಲಾಗುವುದಿಲ್ಲ, ಎಲ್ಲರೂ ಹಗೇವಿಗೆ ಇಳಿಯುತ್ತೇವೆ. ಹಗೇವು ನಿನಗೆ ಗೊತ್ತು, ಅಂಗಳದಲ್ಲಿ ತೋಡಿ ಜೋಳ ತುಂಬಿ ಬಾಯಿಗೆ ಬಂಡೆ ಮುಚ್ಚುತ್ತಿದ್ದ ನೆಲದೊಳಗಿನ ಕಣಜ. ಜೋಳ ತುಂಬುವ ಕೆಲಸ ನಿಂತ ಮೇಲೆ ನಮ್ಮ ಹಿರಿಯರು ಅದನ್ನೇ ಅಗಲ ಮಾಡಿ, ಮೆಟ್ಟಿಲು ಕೊರೆದು, ಮನುಷ್ಯರನ್ನು ತುಂಬಿದರು. ಕುಡಿಯುವ ನೀರು ಇಬ್ಬನಿಬಲೆಯಿಂದ ಬರುತ್ತದೆ; ಬಾಗಿಲ ಮುಂದೆ ತೂಗುಹಾಕಿದ ತೆಳು ಬಲೆ ಅದು, ನಸುಕಿನ ಇಬ್ಬನಿಯನ್ನು ಹಿಡಿದು ಕೊಡಕ್ಕೆ ಹನಿಸುತ್ತದೆ. ಹಬ್ಬಕ್ಕೆ ಮಾತ್ರ ಜೋಳದ ರೊಟ್ಟಿ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಎಂದು ಅವ್ವ ಹೇಳುತ್ತಾಳೆ. ಅವಳಿಗೆ ಅದು ಹೇಗೆ ಗೊತ್ತೋ ನಾನು ಕೇಳಿಲ್ಲ.

ಬೀಜ ಕಂಪನಿಯಿಂದ ಬರುತ್ತದೆ. ನಿಮ್ಮ ಕಾಲದಲ್ಲಿ ಕಂಪನಿಗಳು ಬಹಳ ಇದ್ದವಂತೆ, ಒಂದೊಂದಕ್ಕೂ ಒಂದೊಂದು ಹೆಸರು, ಪಾಕೀಟಿನ ಮೇಲೆ ಒಂದೊಂದು ಬಣ್ಣದ ಚಿತ್ರ. ಈಗ ಇರುವುದು ಒಂದೇ. ಒಂದೇ ಇರುವುದಕ್ಕೆ ಹೆಸರು ಯಾಕೆ ಬೇಕು ಎಂದು ಅದರ ಹೆಸರನ್ನೂ ಬಿಟ್ಟಿದ್ದಾರೆ. ಬೆಳೆದ ಕಾಳನ್ನು ಮತ್ತೆ ಬಿತ್ತಿದರೆ ಹುಟ್ಟುವುದಿಲ್ಲ, ಹಾಗಾಗಿ ಪ್ರತಿವರ್ಷ ಕಂಪನಿಯ ಚೀಲವೇ ಗತಿ. ಮನೆಯ ಬೀಜ ಉಳಿಸಿಕೋ ಎಂದು ಉಪದೇಶ ಮಾಡಲು ನಾನು ಈ ಕಾಗದ ಬರೆಯುತ್ತಿಲ್ಲ. ಆ ಮಾತು ಹೇಳುವವರು ನಿಮ್ಮ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದರಂತೆ. ನಾನು ಹೇಳುವುದು ಬೇರೆ ಸಂಗತಿ.

ಈ ಸಲದ ಚೀಲ ಮಹಾನವಮಿ ಅಮಾವಾಸ್ಯೆಯ ಮುಂಜಾನೆ ಬಂತು. ಅವ್ವನಿಗೆ ಅದು ಒಳ್ಳೆಯ ಸೂಚನೆಯಾಗಿ ಕಂಡಿತು. ಚೀಲ ಬಿಚ್ಚಿದ ಕೂಡಲೇ ಮೊದಲ ಹಿಡಿಯನ್ನು ಘಟಕ್ಕೆ ತೆಗೆದಿಟ್ಟಳು. ನೀನೂ ಘಟ ಹಾಕುತ್ತಿದ್ದೆ ಎಂದು ನನಗೆ ಗೊತ್ತು: ಹೊಲದ ಎರೆಮಣ್ಣು ತಂದು ಪತ್ರಾವಳಿಯಲ್ಲಿ ಹರಡಿ, ಕಾಳು ಚೆಲ್ಲಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು, ದೀಪ ಆರದಂತೆ ಹಬ್ಬ ಮುಗಿಯುವ ತನಕ ಕಾಯುವುದು. ಅದರ ಸಸಿಯನ್ನು ಹೆಂಗಸರು ತುರುಬಿಗೆ ಮುಡಿದು, ಗಂಡಸರು ಟೊಪ್ಪಿಗೆಗೆ ಸಿಕ್ಕಿಸಿಕೊಂಡು ಬನ್ನಿ ಮುಡಿಯಲು ಹೋಗುತ್ತೇವೆ. ಈ ನಡುವೆ ಹಸ್ತದ ಮಳೆ ಚೆನ್ನಾಗಿ ಬಂತು. ಇಂಥ ಮಳೆಯನ್ನು ನನ್ನ ಗಂಡ ಗುಡದಪ್ಪ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ನೆಲ ಹದಕ್ಕೆ ಬಂದ ಕೂಡಲೇ ಕೂರಿಗೆ ಹೂಡಿದೆವು. ಅಂದು ಹೊಲದಿಂದ ಬರುವಾಗ ಅವನು ಹಾಡು ಹೇಳುತ್ತ ಬಂದ. ಅವನ ಕಂಠ ಕೇಳಿ ನಾಯಿ ಕೂಡ ಎದ್ದು ದೂರ ಹೋಯಿತು.

ಘಟ ಹುಟ್ಟಲಿಲ್ಲ. ಮೂರು ದಿನಕ್ಕೆ ಬಿಳಿ ಮೊಳಕೆ ಇಣುಕಬೇಕು, ಇಣುಕಲಿಲ್ಲ. ಅವ್ವ ನೀರು ಹೆಚ್ಚು ಮಾಡಿದಳು, ಆಮೇಲೆ ಕಡಿಮೆ ಮಾಡಿದಳು, ದೀಪವನ್ನು ಆಚೆ ಸರಿಸಿದಳು. ಆಯುಧಪೂಜೆಯ ದಿನವೂ ಮಣ್ಣು ಕಪ್ಪಗೆ, ಒದ್ದೆಯಾಗಿ, ಹಾಕಿದ್ದು ಹಾಕಿದಂತೆಯೇ ಇತ್ತು. ಅವಳು ಅದರ ಮುಂದೆ ಕುಳಿತು, ತಾನು ಯಾವ ನೇಮ ತಪ್ಪಿದೆ ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದಳು. ನಾನು ಹೊಲಕ್ಕೆ ಓಡಿದೆ. ಸಾಲು ಎದ್ದಿರಬೇಕಾದ ನೆಲದಲ್ಲಿ ಏನೂ ಇರಲಿಲ್ಲ. ಬದುವಿನ ಹತ್ತಿರ ಅಲ್ಲೊಂದು ಇಲ್ಲೊಂದು ಹಳದಿ ಎಳೆ ಎದ್ದಿತ್ತು, ಮುಟ್ಟಿದರೆ ಮಲಗುವಂಥದ್ದು. ಕೂರಿಗೆಯ ಗೆರೆಯೊಳಗೆ ಬೆರಳು ಹಾಕಿ ಕೆದಕಿದೆ. ಕಾಳು ಬಿದ್ದಲ್ಲೇ ಇತ್ತು, ಉಬ್ಬಿತ್ತು, ಹಿಚುಕಿದರೆ ಗಂಜಿಯಂತೆ ಹೊರಬಂತು. ಅಜ್ಜಿ, ಹಸಿ ನೆಲದಲ್ಲಿ ಕೊಳೆತ ಬೀಜದ ವಾಸನೆ ನಿನಗೂ ಗೊತ್ತಿರಬೇಕು. ಆ ಬೆರಳನ್ನು ಎಷ್ಟು ತಿಕ್ಕಿ ತೊಳೆದರೂ ವಾಸನೆ ಹೋಗಲಿಲ್ಲ. ಆ ದಶಮಿಗೆ ಬನ್ನಿ ಮುಡಿಯಲು ಹೋದಾಗ ನಮ್ಮ ಮನೆಯವರ ತಲೆಯಲ್ಲಿ ಸಸಿ ಇರಲಿಲ್ಲ, ಎಲ್ಲರೂ ನೋಡಿದರು, ಯಾರೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂದರೆ ಹಸಿರೆಣಿಕೆಯ ಭಯ. ಚಿತ್ತಿ ಮಳೆ ಮುಗಿದ ಮರುದಿನ ಕಂಪನಿಯ ಹಾರುಗಣ್ಣು ಊರಿನ ಮೇಲೆ ಬರುತ್ತದೆ. ಹದ್ದಿನಷ್ಟು ದೊಡ್ಡದು, ಸದ್ದಿಲ್ಲ. ಯಾವ ಹೊಲ ಹಸಿರಾಗಿಲ್ಲವೋ ಅದರ ನಾಲ್ಕು ಮೂಲೆಗೆ ಬಿಳಿ ಗೂಟ ಬೀಳುತ್ತದೆ. ಗೂಟ ಬಿದ್ದ ಹೊಲಕ್ಕೆ ಸತ್ತ ನೆಲ ಎನ್ನುತ್ತಾರೆ. ಸತ್ತ ನೆಲ ಕಂಪನಿಗೆ ಸೇರುತ್ತದೆ, ಅದನ್ನು ನಂಬಿದವರನ್ನು ಗೂಡುಸಾಲಿಗೆ ಒಯ್ಯುತ್ತಾರೆ. ಗೂಡುಸಾಲು ಎಂದರೆ ಶಹರದ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸಿದ ಕೋಣೆಗಳು. ಅಲ್ಲಿ ಕಾಲಿಗೆ ಮಣ್ಣು ತಾಗುವುದಿಲ್ಲ, ತಿನ್ನಲು ಪಾಚಿಯ ರೊಟ್ಟಿ ಕೊಡುತ್ತಾರೆ, ಗಂಡನನ್ನು ಒಂದು ಕಡೆ ಹೆಂಡತಿಯನ್ನು ಒಂದು ಕಡೆ ಕೆಲಸಕ್ಕೆ ಹಚ್ಚುತ್ತಾರೆ ಎಂದು ಕೇಳಿದ್ದೇವೆ. ಹೋದವರು ಯಾರೂ ತಿರುಗಿ ಬಂದು ಅದು ಸುಳ್ಳು ಎಂದು ಹೇಳಿಲ್ಲ. ನಮ್ಮ ಪಕ್ಕದ ಮನೆಯವರು ಹೋದ ವರ್ಷ ಹೋದರು. ಅವರ ಇಬ್ಬನಿಬಲೆ ಇನ್ನೂ ಬಾಗಿಲಲ್ಲೇ ತೂಗುತ್ತಿದೆ. ಅದರ ಕೆಳಗೆ ಕೊಡ ಇಡುವವರಿಲ್ಲದೆ ನೀರು ನೆಲಕ್ಕೆ ಬೀಳುತ್ತದೆ. ನನ್ನ ಮಗಳು ರಾಚವ್ವನಿಗೆ ಆರು ವರ್ಷ. ಹಾರುಗಣ್ಣು ಬಂದರೆ ಅವಳನ್ನು ಯಾವ ಕಡೆ ಕಳಿಸುತ್ತಾರೋ.

ಉಳಿದಿರುವುದು ಒಂದೇ ದಾರಿ. ಬೀಜ ಸರಿಯಿಲ್ಲ ಎಂದು ಕಂಪನಿ ಒಪ್ಪಿದರೆ ಬೇರೆ ಚೀಲ ಬರುತ್ತದೆ, ಹಸಿರೆಣಿಕೆ ಮುಂದಕ್ಕೆ ಹೋಗುತ್ತದೆ. ನೆಲದಲ್ಲಿ ಇನ್ನೂ ಹಸಿ ಇದೆ, ಈಗ ಬಿತ್ತಿದರೂ ಜೋಳ ಏಳುತ್ತದೆ. ಒಪ್ಪಿಸಬೇಕಾದರೆ ಕರೆ ಮಾಡಬೇಕು. ಒಂದು ಹಂಗಾಮಿಗೆ ಒಂದು ಮನೆಗೆ ಮೂರು ಕರೆ. ಪ್ರತಿ ಮನೆಯ ಗೋಡೆಯಲ್ಲೂ ಕಂಪನಿಯ ದನಿಗೂಡು ಇದೆ, ದೀಪ ಇಡುವ ಗೂಡಿನಷ್ಟೇ. ಅದರ ಮುಂದೆ ನಿಂತು ಮಾತಾಡಿದರೆ ಆ ಕಡೆಯಿಂದ ಉತ್ತರವ್ವ ಮಾತಾಡುತ್ತಾಳೆ. ಉತ್ತರವ್ವ ಎಂಬುದು ನಾವು ಇಟ್ಟ ಹೆಸರು. ಅವಳು ಮನುಷ್ಯಳಲ್ಲ. ಆದರೆ ದನಿ ಕೇಳಿದರೆ ಹಾಗೆ ಅನ್ನಿಸುವುದಿಲ್ಲ, ಯಾರೋ ನಮ್ಮ ಮನೆಯವಳೇ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು ಮಾತಾಡಿದಂತೆ ಇರುತ್ತದೆ.

ಮೊದಲ ಕರೆಯನ್ನು ಗುಡದಪ್ಪ ಮಾಡಿದ. ಉತ್ತರವ್ವ ಅವನನ್ನು, ಎಷ್ಟು ಆಳಕ್ಕೆ ಬಿತ್ತಿದಿರಿ, ಮಣ್ಣು ಮುಷ್ಟಿಯಲ್ಲಿ ನಿಲ್ಲುತ್ತಿತ್ತೋ ಉದುರುತ್ತಿತ್ತೋ, ಚೀಲವನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳುತ್ತಾ ಹೋದಳು. ಅವನು ಎಲ್ಲಕ್ಕೂ ಸರಿಯಾಗಿಯೇ ಹೇಳಿದ. ಎಲ್ಲ ಮುಗಿದ ಮೇಲೆ ಅವಳು ಮೊದಲಿನಿಂದ ಮತ್ತೆ ಅದನ್ನೇ ಕೇಳತೊಡಗಿದಳು. ನನ್ನ ಗಂಡ ಒಳ್ಳೆಯವನು, ತಾಳ್ಮೆಯೊಂದನ್ನು ಬಿಟ್ಟು ದೇವರು ಅವನಿಗೆ ಎಲ್ಲ ಕೊಟ್ಟಿದ್ದಾನೆ. "ಬೀಜ ಕೊಳತಾವ ಅಂದ್ರ ತಿಳಿಯಂಗಿಲ್ಲೇನು ನಿನಗ, ಏನ್ ಗೋಡಿಗೆ ಹೇಳಾಕತ್ತೇನಿ?" ಎಂದು ಕೂಗಿದ. ಗೋಡೆಗೇ ಹೇಳುತ್ತಿದ್ದ ಎಂಬುದು ಬೇರೆ ಮಾತು. ಉತ್ತರವ್ವ ಬಹಳ ಮೆಲ್ಲಗೆ, "ಹಂಗ ಒದರಬ್ಯಾಡಪಾ, ನನಗ ಅಂಜಿಕಿ ಬರತೈತಿ" ಎಂದಳು. ಕರೆ ಅಲ್ಲಿಗೆ ನಿಂತಿತು. ಗಟ್ಟಿ ದನಿ ಮಾಡಿದರೆ ಆ ಕರೆ ಕಳೆದುಹೋದಂತೆ, ಅದು ನಿಯಮ.

ಎರಡನೆಯ ಕರೆಗೆ ಅವ್ವ ನಿಂತಳು. ಅವ್ವ ಶಾಂತವೀರವ್ವ, ಹೆಸರಿಗೆ ತಕ್ಕಂತೆ ಶಾಂತಸ್ವಭಾವದವಳು, ಇರುವೆಗೂ ಒಂದು ಮಾತು ಹೇಳಿ ದಾರಿ ಬಿಡುವವಳು. ಈ ಸಲ ಕೆಲಸ ಆದೀತು ಎಂದು ನಾವು ನಂಬಿದ್ದೆವು. ಅವಳು ಘಟ ಹುಟ್ಟದ್ದನ್ನು ಹೇಳಿದಳು, ಹೊಲದ್ದನ್ನು ಹೇಳಿದಳು. ಉತ್ತರವ್ವ ಎಲ್ಲ ಕೇಳಿಸಿಕೊಂಡು ಒಂದು ನಿಟ್ಟುಸಿರು ಬಿಟ್ಟಳು. ಆಮೇಲೆ, "ಊಟ ಆತೇನವ್ವಾ?" ಎಂದು ಕೇಳಿದಳು. ಅವ್ವನ ಮುಖ ಹೂವಾಯಿತು. "ನಂದ ಆತವ್ವಾ, ನಿಂದು?" ಎಂದಳು. ಉತ್ತರವ್ವ ತನ್ನದು ಇನ್ನೂ ಆಗಿಲ್ಲ, ಬೆಳಗಿನಿಂದ ಮಂದಿಯ ದುಃಖ ಕೇಳಿ ಕೇಳಿ ಬಾಯಿಗೆ ಹನಿ ನೀರು ಹಾಕಿಲ್ಲ, ಇಷ್ಟೆಲ್ಲ ಆದರೂ ಬೈಗುಳ ತನಗೇ ಎಂದಳು. ಅವಳ ದನಿ ನಡುಗಿತು. ನಾನು ಅವ್ವನ ಸೆರಗು ಜಗ್ಗಿದೆ. ಗುಡದಪ್ಪ ಎರಡೂ ಕೈಯಿಂದ ಬೇಡ ಬೇಡ ಎಂದು ಸನ್ನೆ ಮಾಡಿದ. ಅವ್ವ ನಮ್ಮ ಕಡೆ ನೋಡಲೇ ಇಲ್ಲ. "ಇರ್ಲಿ ಬಿಡವ್ವಾ, ನಿಂದೇನ ತಪ್ಪೈತಿ" ಎಂದುಬಿಟ್ಟಳು.

ಅಷ್ಟೇ. ದನಿಗೂಡಿನಲ್ಲಿ ಹಸಿರು ದೀಪ ಹತ್ತಿತು. ದೂರು ಕೊಟ್ಟವರಿಗೇ ಸಮಾಧಾನವಾಗಿ ದೂರು ಮುಗಿದಿದೆ ಎಂದು ಅದರ ಅರ್ಥ. ಇರಲಿ ಬಿಡು ಎಂಬ ಆ ಮಾತು ನಮ್ಮ ಸೀಮೆಯವರ ಬಾಯಿಂದ ಬಂದರೆ ಎಲ್ಲ ಬಿಟ್ಟುಕೊಟ್ಟಂತೆ ಎಂದು ಕಂಪನಿಗೆ ಗೊತ್ತಿದೆ. ದಣಿದವರನ್ನು ಕಂಡರೆ ನಾವು ಅದನ್ನು ಹೇಳದೆ ಇರಲಾರೆವು ಎಂಬುದೂ ಗೊತ್ತಿದೆ. ಅವ್ವ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಮಾತೂ ಆಡಿಲ್ಲ, ಸನ್ನೆಯಲ್ಲೇ ಎಲ್ಲ.

ಮುಗಿದ ದೂರನ್ನು ಮತ್ತೆ ಎತ್ತಲು ಉಳಿದಿರುವ ಮೂರನೆಯ ಕರೆ ನನ್ನ ಪಾಲಿಗೆ ಬಂದಿದೆ. ಅದು ಮುಗಿಯುವ ತನಕ ದನಿಗೂಡು ಎಚ್ಚರವಾಗಿರುತ್ತದೆ. ಅದರ ಕಿವಿಗೆ ಬಿದ್ದ ಮಾತೆಲ್ಲ ಲೆಕ್ಕಕ್ಕೆ ಬರುತ್ತದೆ. ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು ಎಂದು ಅದು ವಿಚಾರಿಸುವುದಿಲ್ಲ. ನಿನ್ನೆ ನಸುಕಿನಲ್ಲಿ ರಾಚವ್ವ ಇಬ್ಬನಿ ನೀರಿನ ಕೊಡ ಎತ್ತಲು ಹೋಗಿ ಬೀಳಿಸಿದಳು. ಒಂದು ದಿನದ ನೀರು ಅಂಗಳದ ಪಾಲಾಯಿತು. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇಂಥ ಹೊತ್ತಿನಲ್ಲಿ ಅವ್ವಂದಿರು ಏನು ಹೇಳುತ್ತಾರೆ ಎಂದು ಅವಳಿಗೆ ಗೊತ್ತು, ಅದಕ್ಕೇ ಕಾಯುತ್ತಿದ್ದಳು. ಆ ಮಾತು ನನ್ನ ಗಂಟಲವರೆಗೆ ಬಂತು. ನಾನು ಹಲ್ಲು ಕಚ್ಚಿದೆ. ಓಡಿಹೋಗಿ ಅವಳನ್ನು ಅವುಚಿಕೊಂಡೆ, ತಲೆ ಸವರಿದೆ, ಆದರೆ ಹೇಳಲಿಲ್ಲ. ಅವಳು ನನ್ನ ಸೊಂಟದ ಹತ್ತಿರ ಮುಖ ಒತ್ತಿಕೊಂಡು, "ಸಿಟ್ಟ ಬಂದೈತೇನಬೇ?" ಎಂದು ಅತ್ತಳು. ಅಜ್ಜಿ, ಆ ಹೊತ್ತು ನನಗೆ ಕಂಪನಿಯ ಮೇಲೆ ಬಂದಷ್ಟು ಸಿಟ್ಟು ಬೀಜ ಕೊಳೆತಾಗಲೂ ಬಂದಿರಲಿಲ್ಲ. ನನ್ನ ಮಗಳಿಗೆ ಹೇಳುವ ಮಾತನ್ನೂ ಅವರು ಕಸಿದುಕೊಂಡರಲ್ಲ.

ಅಂದೇ ನಾನು ಬೀಜಕಟ್ಟೆಗೆ ಹೋದೆ. ಕಂಪನಿಯ ಚೀಲಗಳು ಇಳಿಯುವ ಕಟ್ಟೆ ಅದು, ಅಲ್ಲಿ ಕಾವಲಿಗೆ ಹುಲಿಗೆಪ್ಪ ಎಂಬ ಒಬ್ಬ ಮನುಷ್ಯ ಇದ್ದಾನೆ. ಇಡೀ ಕಂಪನಿಯಲ್ಲಿ ನಾವು ಕಣ್ಣಿನಿಂದ ನೋಡಿರುವುದು ಅವನೊಬ್ಬನನ್ನೇ. ಉತ್ತರವ್ವನನ್ನು ಮಾತಿನಲ್ಲಿ ಹಿಡಿಯುವುದು ಹೇಗೆ ಎಂದು ಅವನನ್ನು ಕೇಳಿದೆ. ಅವನು ಒಂದು ಸಂಗತಿ ಹೇಳಿದ. ಉತ್ತರವ್ವ ಊರಿಗೆಲ್ಲ ಒಬ್ಬಳಲ್ಲ, ಮನೆಗೊಬ್ಬಳು. ಪ್ರತಿ ಮನೆಯಿಂದ ಹಿಂದಿನ ಕಾಲದಲ್ಲಿ ಕಂಪನಿಗಳಿಗೆ ಹೋದ ಮೊದಲ ದೂರಿನ ಕರೆಯನ್ನು ತೆಗೆದಿಟ್ಟು, ಆ ದನಿಯಿಂದ, ಆ ಮಾತಿನ ಧಾಟಿಯಿಂದ ಆ ಮನೆಯ ಉತ್ತರವ್ವನನ್ನು ಬೆಳೆಸಿದ್ದಾರೆ. ಅದಕ್ಕೇ ಅವಳು ಮನೆಯವಳಂತೆ ಕೇಳಿಸುವುದು. ಆ ಮೂಲ ಕರೆಯನ್ನು ಕೇಳುವ ಹಕ್ಕು ಮನೆಯವರಿಗೆ ಇದೆ, ಆದರೆ ಕಂಪನಿ ಅದನ್ನು ಯಾರಿಗೂ ಹೇಳುವುದಿಲ್ಲ. ನಾನು ಕೇಳುತ್ತೇನೆ ಎಂದೆ. ಅವನು, "ಬ್ಯಾಡಬೇ. ಕೇಳಿದವರಿಗೆ ಆಮ್ಯಾಲ ಜಗಳಾಡಾಕ ಮನಸ ಬರಂಗಿಲ್ಲ" ಎಂದ. ನಾನು ಹಟ ಬಿಡಲಿಲ್ಲ. ಅವನು ಕಟ್ಟೆಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಕೇಳಿಸಿ, ತಾನು ಹೊರಗೆ ಹೋಗಿ ನಿಂತ.

ಅದು ನೀನು, ಅಜ್ಜಿ. ಮೊದಲು ಬಹಳ ಹೊತ್ತು ಒಂದು ವಾದ್ಯದ ಸಂಗೀತ, ನಡುನಡುವೆ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ. ಆ ಸಂಗೀತದ ಕೆಳಗೆ ನೀನು ಕೋಳಿ ಓಡಿಸುವುದು ಕೇಳಿಸಿತು. ಆಮೇಲೆ ಒಬ್ಬ ಹುಡುಗಿ ಬಂದಳು, ಹಾಸನದ ಕಡೆಯ ಮಾತು, ನೆಗಡಿಯಾದ ಮೂಗು. ನೀನು ಎಷ್ಟು ಗಟ್ಟಿಯಾಗಿ ಶುರು ಮಾಡಿದೆ ಗೊತ್ತೇ! "ಮೂರು ಮಡಿ ತುಂಬ ಚೆಲ್ಲೇನ್ರಿ, ಮೂರ ಸಸಿ ಹುಟ್ಟಿಲ್ಲ. ಮಣ್ಣ ನಂದ ಛಲೋನ ಐತಿ, ಬಾಜೂ ಮಡ್ಯಾಗ ಮೆಣಸಿನಕಾಯಿ ನೋಡಬರ್ರಿ ಹೆಂಗದಾವಂತ" ಎಂದೆ. ಅವಳು ಪಾಕೀಟಿನ ಲಾಟ್ ನಂಬರ್ ಕೇಳಿದಳು, ನೀನು ಒಂದೊಂದೇ ಅಂಕಿ ಓದಿದೆ. ಅವಳು ತೇವಾಂಶದ ಮಾತು ಎತ್ತಿದಳು, ನೀನು ಬಿಡಲಿಲ್ಲ. ನಾನು ಕುಳಿತಲ್ಲೇ ಹಾಗೇ ಹಿಡಿ, ಹಾಗೇ ಹಿಡಿ ಎನ್ನುತ್ತಿದ್ದೆ. ಆಗ ಆ ಹುಡುಗಿ ಕೆಮ್ಮಿದಳು. ಒಂದೇ ಸಮನೆ ಕೆಮ್ಮಿದಳು. ನೀನು ಬೀಜದ ಮಾತು ಬಿಟ್ಟೆ. "ಊಟ ಆತೇನವ್ವಾ?" ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು ಅವಳು. "ಇರ್ಲಿ ಬಿಡವ್ವಾ, ನಿಂದೇನ ತಪ್ಪೈತಿ. ಮದ್ಲ ಹೋಗಿ ಒಂದ ತುತ್ತ ಉಣ್ಣು" ಎಂದು ನೀನು ಫೋನು ಇಟ್ಟುಬಿಟ್ಟೆ.

ನಾನು ಅತ್ತೆ. ಹುಲಿಗೆಪ್ಪ ಹೇಳಿದ್ದು ನಿಜ. ಎಷ್ಟೋ ತಲೆಮಾರಿನ ಹಿಂದಿನ ನನ್ನ ಅಜ್ಜಿ ಎಷ್ಟು ಒಳ್ಳೆಯವಳು ಎಂದು ಎದೆ ತುಂಬಿ ಅತ್ತೆ. ಅದರ ಜೊತೆಗೇ ಇನ್ನೊಂದು ಸಂಗತಿ ಹೊಳೆಯಿತು. ನಮ್ಮ ಗೋಡೆಯೊಳಗೆ ಕುಳಿತು ನಮ್ಮ ಹೊಲವನ್ನು ಕಸಿಯುತ್ತಿರುವ ದನಿಯೂ ಇದೇ ಅಲ್ಲವೇ? ನಿನ್ನ ಕರುಣೆಯನ್ನು ಸುಲಿದು ಅದರ ಚರ್ಮವನ್ನು ಒಂದು ಯಂತ್ರಕ್ಕೆ ಹೊದಿಸಿದ್ದಾರೆ. ಆದರೆ ಕರೆ ಅಲ್ಲಿಗೆ ಮುಗಿದಿರಲಿಲ್ಲ. ನೀನು ಫೋನು ಇಟ್ಟ ಮೇಲೂ ಆ ಕಡೆ ಸ್ವಲ್ಪ ಹೊತ್ತು ದನಿ ಹಿಡಿಯುತ್ತಲೇ ಇತ್ತು. ಹುಡುಗಿ ಮೂಗು ಒರೆಸಿಕೊಂಡಳು. ಪಕ್ಕದಲ್ಲಿ ಯಾರೋ ಏನಾಯ್ತೇ ಎಂದು ಕೇಳಿದರು. ಅವಳು ಹೇಳಿದ್ದನ್ನು ನೀನು ಕೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ: "ಪಾಪ ಕಣೇ, ಆ ಲಾಟ್‌ದು ಎಲ್ಲ ಕಡೆಯಿಂದ್ಲೂ ಕಂಪ್ಲೇಂಟು. ಇನ್ನೊಂದ್ಸಲ ಕೇಳಿದ್ರೆ ಬೇರೆ ಪ್ಯಾಕೆಟ್ ಬರ್ಕೊಡ್ತಿದ್ದೆ. ಕೇಳ್ಲೇ ಇಲ್ಲ."

ಇನ್ನೊಂದು ಸಲ. ಅಷ್ಟೇ ಬೇಕಾಗಿತ್ತು.

ಆದ್ದರಿಂದ ಅಜ್ಜಿ, ನನ್ನದು ಒಂದು ಬೇಡಿಕೆ. ಲಾಟ್ ನಂಬರ್ ಓದಲು ನೀನು ಪಾಕೀಟನ್ನು ಕೈಗೆ ತೆಗೆದುಕೊಂಡಾಗ ಈ ಹಾಳೆ ಸಿಕ್ಕರೆ, ನಿಂತಲ್ಲೇ ಓದಿಬಿಡು, ಆಮೇಲೆ ಕರೆ ಮಾಡು. ಆ ಹುಡುಗಿಯ ಮೇಲೆ ಒದರಬೇಡ, ಅವಳ ತಪ್ಪೇನೂ ಇಲ್ಲ ಎಂಬುದು ನಿಜವೇ. ಅವಳ ಊಟ ಕೇಳು. ನೆಗಡಿಗೆ ಕಷಾಯ ಹೇಳಬೇಕು ಅನ್ನಿಸಿದರೆ ಹೇಳು. ಮೆಣಸು ಎಷ್ಟು, ಶುಂಠಿ ಎಷ್ಟು ಎಂದು ನಿಧಾನವಾಗಿ ಹೇಳು. ಎಲ್ಲ ಮುಗಿದ ಮೇಲೆ, ಈಗ ಬೀಜದ ಮಾತು ಹೇಳವ್ವಾ ಎಂದು ಮತ್ತೆ ಅಲ್ಲಿಗೇ ಬಾ. ಕರುಣೆ ಬೇರೆ, ಬಿಟ್ಟುಕೊಡುವುದು ಬೇರೆ. ನಮ್ಮ ಮನೆಯಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬರುವುದನ್ನು ಕಲಿತುಬಿಟ್ಟಿವೆ. ಅವು ಒಂದಾದದ್ದು ಅಂದೇ, ನಿನ್ನ ಬಾಯಲ್ಲೇ ಎಂದು ನಾನು ಹೇಳಲಾರೆ. ಆದರೆ ಕಂಪನಿಯ ಕಿವಿಗೆ ಬಿದ್ದದ್ದು ಅಂದು. ನೀನು ಇನ್ನೊಂದು ಸಲ ಕೇಳಿದ್ದರೆ, ನಮ್ಮ ಮನೆಯ ಉತ್ತರವ್ವನೂ ಇನ್ನೊಂದು ಸಲ ಕೇಳಿದವರಿಗೆ ಕೊಡುವುದನ್ನು ಕಲಿಯುತ್ತಿದ್ದಳು ಎನ್ನುತ್ತಾನೆ ಹುಲಿಗೆಪ್ಪ. ಈ ಹಾಳೆಯನ್ನು ಹಿಂದಂಚೆಗೆ ಹಾಕುವವನೂ ಅವನೇ. ಸಿಕ್ಕಿಬಿದ್ದರೆ ಅವನ ಗತಿ ಏನು ಎಂದು ಕೇಳಿದೆ. ಅವನು ಹಾಳೆ ಚಿಕ್ಕದಿರಲಿ ಎಂದ. ನಾನು ಅದನ್ನೂ ಮೀರಿದ್ದೇನೆ.

ನಾಳೆ ನಸುಕಿಗೆ ನಾನು ದನಿಗೂಡಿನ ಮುಂದೆ ನಿಲ್ಲುತ್ತೇನೆ. ನನಗೆ ಹಾರುಗಣ್ಣಿನಷ್ಟೇ ನನ್ನ ನಾಲಿಗೆಯ ಭಯವೂ ಇದೆ. ಎರಡು ದಿನದಿಂದ ಕನ್ನಡಿ ನೋಡಿ ಬಾಯಿ ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ. ಉತ್ತರವ್ವ ಅತ್ತರೆ ಏನು ಹೇಳಬೇಕು, ಕೆಮ್ಮಿದರೆ ಏನು ಹೇಳಬೇಕು ಎಂದು. ಆದರೆ ಅವಳು ನಿನ್ನ ದನಿಯಲ್ಲಿ ಊಟ ಕೇಳಿದರೆ ನಾನು ಉಳಿಯುತ್ತೇನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಅವಳ ಒಳಗೆ ಇರುವುದು ನನ್ನದೇ ರಕ್ತ. ನಿನ್ನದೆಂದು ನನ್ನ ಹತ್ತಿರ ಇರುವುದು ಆ ದನಿಯೊಂದೇ, ಚಿತ್ರವಿಲ್ಲ, ಸೀರೆಯ ಚೂರೂ ಇಲ್ಲ. ಆದರೂ ನಾಳೆ ಆ ದನಿ ಕೇಳಿಸದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಗೋಡೆಯೊಳಗಿನಿಂದ ಬೇರೆ ಮಾತು ಬಂದರೆ ಈ ಹಾಳೆಯನ್ನು ನೀನು ಓದಿದೆ ಎಂದು ತಿಳಿಯುತ್ತೇನೆ. ಆಗ ಮೊದಲು ಅಂಗಳಕ್ಕೆ ಹೋಗಿ, ಚೆಲ್ಲಿದ ಕೊಡದ ಬಗ್ಗೆ ನನ್ನ ಮಗಳಿಗೆ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ.

ಹೊತ್ತಾಯಿತು. ಹಗೇವಿನಲ್ಲಿ ಅವ್ವ ಮಲಗಿದ್ದಾಳೆ, ಇವತ್ತೂ ಅರ್ಧ ಊಟ ಬಿಟ್ಟಿದ್ದಾಳೆ. ನಿನ್ನ ಊಟ ಆತೇನವ್ವಾ? ಇದರ ಮುಂದಿನ ಮಾತು ಬೆರಳ ತುದಿಗೆ ಬಂದು ನಿಂತಿದೆ, ಬರೆಯುವುದಿಲ್ಲ. ಪಾಕೀಟಿನ ಬೆನ್ನು ನೋಡಿ ನಂಬರ್ ಓದು. ಇನ್ನೊಂದು ಸಲ ಕೇಳು.

ನಿನ್ನ,
ನಿಂಬೆವ್ವ